ಬೆವರುವ ಮಡಕೆ, ಬೆವರದ ಬಟ್ಟಲು

ಬೇಸಿಗೆಯಲ್ಲಿ ಮಣ್ಣಿನ ಹೂಜಿಗೆ ನೀರು ತುಂಬಿಟ್ಟರೆ ಸ್ವಲ್ಪ ಹೊತ್ತಿಗೆ ಅದರ ಹೊರಮೈ ಒದ್ದೆಯಾಗುತ್ತದೆ. ಒಳಗಿನ ನೀರು ಮಣ್ಣಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಜಿನುಗಿ ಹೊರಬಂದು ಗಾಳಿಗೆ ಆರುತ್ತದೆ. ಆರುವಾಗ ಹೂಜಿಯ ಶಾಖವನ್ನೂ ಜೊತೆಗೆ ಒಯ್ಯುವುದರಿಂದ ಉಳಿದ ನೀರು ತಣ್ಣಗಾಗುತ್ತದೆ. ಅದೇ ಅಡುಗೆಮನೆಯ ಮೂಲೆಯಲ್ಲಿ ಕಂದು ಕುತ್ತಿಗೆ, ಬಿಳಿ ಹೊಟ್ಟೆಯ ಉಪ್ಪಿನಕಾಯಿ ಜಾಡಿ ಇರುತ್ತದೆ. ಅದೂ ಮಣ್ಣಿನದೇ. ಆದರೆ ಉಪ್ಪು, ಹುಳಿ, ಎಣ್ಣೆಯನ್ನು ವರ್ಷಗಟ್ಟಲೆ ತುಂಬಿಟ್ಟರೂ ಅದರಿಂದ ಒಂದು ತೊಟ್ಟೂ ಹೊರಗೆ ಬರುವುದಿಲ್ಲ. ಹೂಜಿಯ ಮಣ್ಣು ಬೇರೆ, ಜಾಡಿಯ ಮಣ್ಣು ಬೇರೆ ಎಂಬುದು ನಿಜ. ಅದಕ್ಕಿಂತ ದೊಡ್ಡ ವ್ಯತ್ಯಾಸ ಅವು ಕಂಡ ಬೆಂಕಿಯದು. ಒಂದು 800 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಬೆಂದದ್ದು. ಇನ್ನೊಂದು 1,200 ಡಿಗ್ರಿ ದಾಟಿದ್ದು. ನಡುವಿನ ಆ 400 ಡಿಗ್ರಿಯನ್ನು ಬರೀ ಸೌದೆ ಉರಿಸಿ ಏರುವುದು ಮನುಷ್ಯ ಕಲಿತ ಬಹಳ ಕಷ್ಟದ ವಿದ್ಯೆಗಳಲ್ಲಿ ಒಂದು. ಜಪಾನಿನ ಕುಂಬಾರರು ಈ ವಿದ್ಯೆಯನ್ನು ಅಂಗೈಯಲ್ಲಿ ಹಿಡಿಸುವ ಒಂದು ಸಣ್ಣ ಬಟ್ಟಲಿನಲ್ಲಿ ತೋರಿಸುತ್ತಾರೆ. ಅಕ್ಕಿಯಿಂದ ಮಾಡುವ ಸಾಕೆ ಎಂಬ ಮದ್ಯವನ್ನು ಕುಡಿಯುವ ಬಟ್ಟಲು ಅದು.

ಆ ಬಟ್ಟಲನ್ನು ತಿಳಿಯಲು ಮೊದಲು ನಮ್ಮ ಮಡಕೆಯನ್ನೇ ನೋಡುವುದು ಒಳ್ಳೆಯದು. ಬೆಂಗಳೂರಿನ ಹೆಬ್ಬಾಳದಿಂದ ಬಳ್ಳಾರಿ ರಸ್ತೆಯಲ್ಲಿ ಊರೊಳಕ್ಕೆ ಬಂದು, ಮೇಖ್ರಿ ವೃತ್ತದ ಬಳಿ ಜಯಮಹಲ್ ಕಡೆಗೆ ತಿರುಗಿ, ನಂದಿದುರ್ಗ ರಸ್ತೆ ದಾಟಿದರೆ ಬೆನ್ಸನ್ ಟೌನ್ ಪಕ್ಕದಲ್ಲಿ ಪಾಟರಿ ಟೌನ್ ಸಿಗುತ್ತದೆ. ಹೆಸರೇ ಹೇಳುವಂತೆ ಇದು ಕುಂಬಾರರ ಬಡಾವಣೆ. ಗಣೇಶನ ಹಬ್ಬಕ್ಕೆ ಮೂರ್ತಿ, ದೀಪಾವಳಿಗೆ ಹಣತೆ, ಬೇಸಿಗೆಗೆ ನೀರಿನ ಮಡಕೆ, ಹೋಟೆಲುಗಳಿಗೆ ತಂದೂರಿ ಒಲೆ ಹೀಗೆ ವರ್ಷವಿಡೀ ಇಲ್ಲಿ ಮಣ್ಣಿನ ಕೆಲಸ ನಡೆಯುತ್ತದೆ. ಗಾಜು, ಉಕ್ಕಿನಲ್ಲಿ ಬೆಳೆದ ಊರಿನ ನಡುವೆ ಇನ್ನೂ ಸೌದೆ ಹೊತ್ತಿಸಿ ಮಡಕೆ ಸುಡುವ ಜಾಗ ಇದು. ನಮ್ಮ ಮೆಟ್ರೋದ ಗುಲಾಬಿ ಮಾರ್ಗದಲ್ಲಿ ಒಂದು ನೆಲದಡಿಯ ನಿಲ್ದಾಣಕ್ಕೂ ಈ ಬಡಾವಣೆಯ ಹೆಸರೇ ಇದೆ.

ಮಡಕೆಯ ಮಣ್ಣು ಬರುವುದು ಕೆರೆಯಂಗಳದಿಂದ. ಬೆಂಗಳೂರಿನ ನೆಲದಡಿಯಲ್ಲಿರುವುದು ಲಾಲ್‌ಬಾಗಿನ ಗುಡ್ಡದಲ್ಲಿ ಹೊರಗೆ ಕಾಣುವಂಥ ಹಳೆಯ ಬಂಡೆ. ಅದರಲ್ಲಿ ಫೆಲ್ಡ್‌ಸ್ಪಾರ್ ಎಂಬ ಖನಿಜ ಧಾರಾಳವಾಗಿದೆ. ರಾಮನಗರದ ಬಂಡೆಗಳಲ್ಲಿ ಕಾಣುವ ನಸುಗೆಂಪು ಹರಳುಗಳೂ ಇದೇ ಜಾತಿಯವು. ಲಕ್ಷಾಂತರ ವರ್ಷ ಮಳೆ, ಗಾಳಿಗೆ ಸಿಕ್ಕು ಫೆಲ್ಡ್‌ಸ್ಪಾರ್ ಕೊಳೆತು ಜೇಡಿಯಾಗುತ್ತದೆ. ಮಳೆನೀರು ಅದನ್ನು ಹೊತ್ತು ತಗ್ಗಿಗೆ ತರುತ್ತದೆ. ದಪ್ಪ ಮರಳು ದಾರಿಯಲ್ಲೇ ಉಳಿದು, ನುಣುಪಾದ ಗೋಡು ಕೆರೆಯ ತಳದಲ್ಲಿ ಕೂರುತ್ತದೆ. ಬರುವ ದಾರಿಯಲ್ಲಿ ಕಬ್ಬಿಣದ ತುಕ್ಕನ್ನೂ ಕೂಡಿಸಿಕೊಳ್ಳುವುದರಿಂದ ಸುಟ್ಟಾಗ ಮಡಕೆಗೆ ಕೆಂಪು ಬರುತ್ತದೆ. ಬೆಂಗಳೂರಿನ ಉತ್ತರದಲ್ಲಿ ಹೆಬ್ಬಾಳ, ಯಲಹಂಕ, ಜಕ್ಕೂರು, ರಾಚೇನಹಳ್ಳಿ ಎಂದು ಸಾಲುಸಾಲು ಕೆರೆಗಳಿದ್ದ ನಾಡಿನಲ್ಲಿ ಕುಂಬಾರನಿಗೆ ಮಣ್ಣಿನ ಬರ ಬರಬಾರದಿತ್ತು. ಆದರೆ ಕೆರೆಗಳು ಬಡಾವಣೆಗಳಾದ ಮೇಲೆ ಅವನು ಲಾರಿ ಬಾಡಿಗೆ ಕೊಟ್ಟು ದೂರದಿಂದ ಮಣ್ಣು ತರಿಸಬೇಕಾಗಿದೆ.

ತಂದ ಮಣ್ಣನ್ನು ಒಣಗಿಸಿ, ಹೆಂಟೆ ಒಡೆದು, ನೀರಿನಲ್ಲಿ ನೆನೆಹಾಕಿ, ಕಲ್ಲು ಬೇರು ತೆಗೆದು, ಕಾಲಿನಿಂದ ತುಳಿದು ಹದ ಮಾಡುತ್ತಾರೆ. ತುಳಿಯುವುದರಲ್ಲಿ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ನೀರು ಎಲ್ಲ ಕಡೆಗೂ ಸಮವಾಗಿ ಹರಡುತ್ತದೆ, ಒಳಗೆ ಸಿಕ್ಕಿಕೊಂಡ ಗಾಳಿ ಹೊರಬರುತ್ತದೆ. ಆಮೇಲೆ ಕೈಯಿಂದ ನಾದಿ ಮುದ್ದೆ ಕಟ್ಟುತ್ತಾರೆ. ಕುಂಬಾರನ ಚಕ್ರಕ್ಕೆ ನಮ್ಮಲ್ಲಿ ತಿಗರಿ ಎನ್ನುತ್ತಾರೆ. ಹಣತೆ, ಕುಡಿಕೆಯಂಥ ಸಣ್ಣ ವಸ್ತು ಮಾಡುವಾಗ ಒಂದೊಂದಕ್ಕೂ ಬೇರೆ ಬೇರೆ ಉಂಡೆ ಇಡುವುದಿಲ್ಲ. ತಿಗರಿಯ ನಡುವೆ ದೊಡ್ಡ ಮುದ್ದೆಯೊಂದನ್ನು ಕೂರಿಸಿ, ಅದರ ತುದಿಯಲ್ಲಿ ಮಾತ್ರ ಒಂದು ಹಣತೆ ಎತ್ತಿ, ದಾರದಿಂದ ಕತ್ತರಿಸಿ ಇಡುತ್ತಾರೆ. ಉಳಿದ ತುದಿಯಲ್ಲಿ ಮುಂದಿನದು. ಜಪಾನಿನಲ್ಲಿ ಸಾಕೆ ಬಟ್ಟಲು ಮಾಡುವವರೂ ಇದನ್ನೇ ಮಾಡುತ್ತಾರೆ. ಅದೇ ದೊಡ್ಡ ಮುದ್ದೆ, ಅದೇ ದಾರ. ದೊಡ್ಡ ಮಡಕೆಯ ದಾರಿ ಮಾತ್ರ ನಮ್ಮದು ಬೇರೆ. ತಿಗರಿಯ ಮೇಲೆ ಬಾಯಿ, ಕುತ್ತಿಗೆಯನ್ನು ಮುಗಿಸಿಕೊಂಡು, ಸ್ವಲ್ಪ ಗಟ್ಟಿಯಾದ ಮೇಲೆ ಒಳಗಿನಿಂದ ಗುಂಡುಕಲ್ಲು ಆನಿಸಿ, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ಹೊಟ್ಟೆಯನ್ನು ಹಿಗ್ಗಿಸುತ್ತಾರೆ. ಹೀಗೆ ತಟ್ಟಿದ ಮಡಕೆಯ ಗೋಡೆ ತೆಳ್ಳಗಾಗಿಯೂ ಗಟ್ಟಿಯಾಗಿಯೂ ಇರುತ್ತದೆ. ಯಾವ ಅಳತೆಗೋಲೂ ಇಲ್ಲದೆ ಸುತ್ತಲೂ ಒಂದೇ ದಪ್ಪ ಬರುವುದು ನೋಡುವವರಿಗೆ ಸೋಜಿಗ. ತಟ್ಟುವವರ ಕಿವಿಗೆ ಮಾತ್ರ ಪೆಟ್ಟಿನ ದನಿಯಲ್ಲೇ ಅದು ಗೊತ್ತಾಗುತ್ತದೆ.

ಮಡಕೆ ಸುಡುವ ಗೂಡಿಗೆ ಆವಿಗೆ ಎಂದು ಹೆಸರು. ಕೆಳಗೆ ಬೆಂಕಿ, ಮೇಲೆ ಮಡಕೆ ಎಂಬುದು ಅದರ ಸರಳ ರಚನೆ. ನೆರಳಿನಲ್ಲಿ ಒಣಗಿದ ಮಡಕೆಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲೆ ಒಡೆದ ಚೂರು, ಹುಲ್ಲು, ಮಣ್ಣು ಹೊದಿಸಿ, ಅಡಿಯಿಂದ ಸೌದೆ ಇಡುತ್ತಾರೆ. ಮೊದಲು ಸಣ್ಣ ಉರಿ. ಮಡಕೆಯಲ್ಲಿ ಕಣ್ಣಿಗೆ ಕಾಣದ ತೇವ ಉಳಿದಿರುತ್ತದೆ. ಅವಸರ ಮಾಡಿದರೆ ಅದು ಒಮ್ಮೆಲೇ ಆವಿಯಾಗಿ ಮಡಕೆ ಸಿಡಿಯುತ್ತದೆ. ತೇವವೆಲ್ಲ ಹೋದ ಮೇಲೂ ಜೇಡಿಯ ಕಣಗಳೊಳಗೆ ರಾಸಾಯನಿಕವಾಗಿ ಬೆರೆತ ನೀರು ಇರುತ್ತದೆ. ಸುಮಾರು 450ರಿಂದ 600 ಡಿಗ್ರಿಯ ನಡುವೆ ಅದೂ ಬಿಟ್ಟುಹೋಗುತ್ತದೆ. ಮಣ್ಣು ಮಡಕೆಯಾಗುವ ಗಳಿಗೆ ಇದೇ. ಇದಕ್ಕೆ ಮುಂಚೆ ಮಡಕೆಯನ್ನು ನೀರಿಗೆ ಹಾಕಿದರೆ ಕರಗಿ ಮತ್ತೆ ಕೆಸರಾಗುತ್ತದೆ. ಇದಾದ ಮೇಲೆ ಮಡಕೆಯನ್ನು ಒಡೆಯಬಹುದು, ಪುಡಿ ಮಾಡಬಹುದು, ಮತ್ತೆ ಜೇಡಿ ಮಾಡಲಾಗುವುದಿಲ್ಲ. ಅಗೆತದಲ್ಲಿ ಸಾವಿರಾರು ವರ್ಷ ಹಳೆಯ ಮಡಕೆ ಚೂರುಗಳು ಸಿಗುವುದು ಇದರಿಂದಲೇ.

ಆವಿಗೆಯೊಳಗೆ ಗಾಳಿ ಎಷ್ಟಿದೆ ಎಂಬುದು ಬಣ್ಣವನ್ನು ತೀರ್ಮಾನಿಸುತ್ತದೆ. ಗಾಳಿ ಧಾರಾಳವಾಗಿದ್ದರೆ ಮಣ್ಣಿನ ಕಬ್ಬಿಣ ಆಮ್ಲಜನಕದೊಡನೆ ಸೇರಿ ಕೆಂಪಾಗುತ್ತದೆ. ಇದು ಉತ್ಕರ್ಷಣ. ಗಾಳಿ ಸಾಲದಿದ್ದರೆ ಹಸಿದ ಬೆಂಕಿ ಮಣ್ಣಿನಲ್ಲಿರುವ ಆಮ್ಲಜನಕಕ್ಕೇ ಕೈ ಹಾಕುತ್ತದೆ; ಹೊಗೆಯ ಇಂಗಾಲವೂ ಸೇರಿ ಮಡಕೆ ಕಪ್ಪಾಗುತ್ತದೆ. ಇದು ಅಪಕರ್ಷಣ. ಈ ಪಾಠ ನಮ್ಮ ನಾಡಿಗೆ ಹೊಸದಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ಬೃಹತ್ ಶಿಲಾಯುಗದ ಸಮಾಧಿಗಳಲ್ಲಿ ಒಳಗೂ ಬಾಯಿಯಂಚೂ ಕಪ್ಪು, ಹೊರಮೈ ಕೆಂಪು ಇರುವ ಪಾತ್ರೆಗಳು ಸಿಕ್ಕವು. ಹೊಸಕೋಟೆ ಹತ್ತಿರದ ಜಡಿಗೇನಹಳ್ಳಿಯಲ್ಲೂ ಅಂಥವು ಸಿಕ್ಕಿವೆ. ಪಾತ್ರೆಯನ್ನು ಬೋರಲು ಹಾಕಿ ಸುಟ್ಟರೆ ಒಳಗೆ, ಅಂಚಿನಲ್ಲಿ ಗಾಳಿ ಆಡದೆ ಕಪ್ಪು. ಹೊರಗೆ ಗಾಳಿ ತಾಕಿ ಕೆಂಪು. ಒಂದೇ ಪಾತ್ರೆಯಲ್ಲಿ ಒಂದೇ ಸಲಕ್ಕೆ ಎರಡು ಬೆಂಕಿ ಹಿಡಿಯುವ ಈ ಜಾಣ್ಮೆಗೆ ಎರಡು ಸಾವಿರ ವರ್ಷಕ್ಕೂ ಮೀರಿದ ವಯಸ್ಸು.

ಬೆಂದದ್ದು ಸರಿಯೋ ಇಲ್ಲವೋ ಎಂದು ತಿಳಿಯಲು ಮಡಕೆಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡುವುದು ಇಂದಿಗೂ ಉಳಿದಿರುವ ಪದ್ಧತಿ. ಕಂಚಿನಂತೆ ಖಣಿಲೆಂದರೆ ಸರಿ. ಮಂಕಾಗಿ ನುಡಿದರೆ ಬಿರುಕಿದೆ ಇಲ್ಲವೆ ಹಸಿ ಉಳಿದಿದೆ ಎಂದರ್ಥ. ಹರಿಹರನ ‘ಕುಂಬಾರ ಗುಂಡಯ್ಯನ ರಗಳೆ’ಯಲ್ಲಿ ಗುಂಡಯ್ಯ ಮಡಕೆ ಬಾರಿಸುವ ನಾದಕ್ಕೆ ಶಿವನೇ ಬಂದು ಕುಣಿಯುತ್ತಾನೆ. ಮಡಕೆಗಳು ಚೆನ್ನಾಗಿ ಬೆಂದಿದ್ದವು ಎಂದು ಒಬ್ಬ ಕುಂಬಾರ ಅದಕ್ಕೆ ಟಿಪ್ಪಣಿ ಬರೆಯಬಹುದು.

ಇಷ್ಟಕ್ಕೇ ಏಕೆ ನಿಲ್ಲಬೇಕು, ಇನ್ನಷ್ಟು ಸೌದೆ ಹಾಕಿ ಸುಡಬಾರದೇ ಎಂದು ಕೇಳಬಹುದು. ಎರಡು ಅಡ್ಡಿಗಳಿವೆ. ಮೊದಲನೆಯದು ಮಣ್ಣು. ಕಬ್ಬಿಣ ತುಂಬಿದ ಕೆರೆಮಣ್ಣು 1,100 ಡಿಗ್ರಿಯ ಮೇಲೆ ಮೆತ್ತಗಾಗಿ, ಉಬ್ಬಿ, ಕುಸಿಯತೊಡಗುತ್ತದೆ. ಎರಡನೆಯದು ಗೂಡು. ಮೇಲೆ ಗಟ್ಟಿ ಚಾವಣಿಯಿಲ್ಲದ ಆವಿಗೆಯಲ್ಲಿ ಬಿಸಿ ನೇರವಾಗಿ ಆಕಾಶಕ್ಕೆ ಹೋಗುತ್ತದೆ. ನಮ್ಮ ಕುಂಬಾರನಿಗೆ ಇದರಿಂದ ನಷ್ಟವೇನೂ ಇಲ್ಲ. ಅವನಿಗೆ ಬೇಕಾದದ್ದು ನೀರು ತಣ್ಣಗಿಡುವ, ಒಲೆಯ ಮೇಲಿಟ್ಟರೆ ಸಿಡಿಯದ ಮಡಕೆ. ಅದಕ್ಕೆ ರಂಧ್ರಗಳು ಬೇಕೇ ಬೇಕು. ಹೆಚ್ಚು ಸುಟ್ಟ ಮಡಕೆ ಅವನ ಲೆಕ್ಕದಲ್ಲಿ ಕೆಟ್ಟ ಮಡಕೆ. ನಮ್ಮ ಬಿಸಿಲಿಗೆ ತಕ್ಕ ವಿದ್ಯೆ ಇದು. ಇದನ್ನು ಹಿಂದುಳಿದ ವಿದ್ಯೆ ಎನ್ನುವವರಿಗೆ ಹೂಜಿಯ ನೀರು ಕುಡಿದು ಗೊತ್ತಿಲ್ಲ.

ಜಪಾನಿನಲ್ಲೂ ಮೊದಲು ಇಂಥದೇ ತಗ್ಗು ಬೆಂಕಿಯ ಮಡಕೆಗಳಿದ್ದವು. ಐದನೆಯ ಶತಮಾನದ ಹೊತ್ತಿಗೆ ಕೊರಿಯಾದ ಕಡೆಯಿಂದ ಹೊಸ ಬಗೆಯ ಗೂಡು ಅಲ್ಲಿಗೆ ಬಂತು. ಅದರ ಹೆಸರು ಅನಗಾಮ. ಗುಡ್ಡದ ಇಳಿಜಾರಿನಲ್ಲಿ ಮಲಗಿಸಿದ ಸುರಂಗದಂಥ ಒಂದೇ ಕೋಣೆ. ಕೆಳತುದಿಯಲ್ಲಿ ಸೌದೆ ಹಾಕುವ ಬಾಯಿ, ಮೇಲ್ತುದಿಯಲ್ಲಿ ಹೊಗೆ ಹೋಗುವ ದಾರಿ. ಬಿಸಿಗಾಳಿ ಮೇಲಕ್ಕೆ ಏರುವುದು ಸಹಜವಾದ್ದರಿಂದ ಇಳಿಜಾರೇ ಚಿಮಣಿಯ ಕೆಲಸ ಮಾಡುತ್ತದೆ. ಜ್ವಾಲೆ ಆಕಾಶಕ್ಕೆ ಹಾರಿಹೋಗದೆ ಸುರಂಗದುದ್ದಕ್ಕೂ ಪಾತ್ರೆಗಳ ನಡುವೆ ನುಸುಳಿ ಹೋಗುತ್ತದೆ. ಮುಂದೆ, 1600ರ ಸುಮಾರಿಗೆ, ಹಲವು ಕೋಣೆಗಳನ್ನು ಮೆಟ್ಟಿಲಿನಂತೆ ಜೋಡಿಸಿದ ನೊಬೊರಿಗಾಮ ಎಂಬ ಗೂಡೂ ಕೊರಿಯಾದಿಂದಲೇ ಬಂತು. ಅದರಲ್ಲಿ ಕೆಳಗಿನ ಕೋಣೆಯ ಬಿಸಿ ಮೇಲಿನ ಕೋಣೆಯನ್ನು ಆಗಲೇ ಕಾಯಿಸಿರುವುದರಿಂದ ಸೌದೆ ಉಳಿಯುತ್ತದೆ. ಬಿಜೆನ್, ಶಿಗರಾಕಿ, ತಂಬಾ, ಎಚಿಜೆನ್, ತೊಕೊನಾಮೆ, ಸೆತೋ ಎಂಬ ಆರು ಊರುಗಳನ್ನು ಜಪಾನಿನ ಆರು ಪ್ರಾಚೀನ ಗೂಡುಗಳೆಂದು ಕರೆಯುತ್ತಾರೆ. ಮಧ್ಯಯುಗದಿಂದ ಇಂದಿನವರೆಗೆ ಅಲ್ಲಿ ಬೆಂಕಿ ಆರಿಲ್ಲ.

ಈ ಗೂಡುಗಳಿಗೆ ತಾಳಿಕೊಳ್ಳುವ ಮಣ್ಣೂ ಬೇಕು. ಶಿಗರಾಕಿಯ ಮಣ್ಣು ಬಿವಾ ಎಂಬ ದೊಡ್ಡ ಸರೋವರದ ಪುರಾತನ ತಳದ್ದು. ಒಳಗೆ ಫೆಲ್ಡ್‌ಸ್ಪಾರಿನ ಬಿಳಿ ಹರಳುಗಳು ಹಾಗೇ ಇರುತ್ತವೆ. ಬಿಜೆನ್‌ನದು ಭತ್ತದ ಗದ್ದೆಗಳ ಅಡಿಯಿಂದ ಅಗೆದು, ವರ್ಷಗಟ್ಟಲೆ ಹಳತಾಗಲು ಬಿಡುವ ಜಿಗುಟು ಮಣ್ಣು. ಇಂಥ ಮಣ್ಣು 1,200 ಡಿಗ್ರಿ ದಾಟಿದಾಗ ಅದರ ಕಣಗಳು ಅಂಚಿನಲ್ಲಿ ಕರಗಿ ಗಾಜಾಗಿ, ಆ ಗಾಜು ರಂಧ್ರಗಳನ್ನು ತುಂಬುತ್ತದೆ. ಪಾತ್ರೆ ಕುಗ್ಗುತ್ತದೆ, ಕಲ್ಲಿನಷ್ಟು ಗಟ್ಟಿಯಾಗುತ್ತದೆ, ಬೆವರುವುದನ್ನು ನಿಲ್ಲಿಸುತ್ತದೆ. ಉಪ್ಪಿನಕಾಯಿ ಜಾಡಿಯ ಗುಟ್ಟೂ ಇದೇ. ಹಸಿ ಮಣ್ಣಿನಿಂದ ಬೆಂದ ಬಟ್ಟಲಿನವರೆಗೆ ಒಟ್ಟು ಕುಗ್ಗುವಿಕೆ ನೂರಕ್ಕೆ ಹತ್ತು ಹನ್ನೆರಡು ಪಾಲಿನಷ್ಟಾಗಬಹುದಾದ್ದರಿಂದ, ಮಾಡುವಾಗಲೇ ಆ ಲೆಕ್ಕ ಹಿಡಿದು ಬಟ್ಟಲನ್ನು ದೊಡ್ಡದಾಗಿ ಎತ್ತಬೇಕು.

ಇನ್ನು ಮೆರುಗು. ಕುಂಬಾರರು ಇದಕ್ಕೆ ಗ್ಲೇಜ್ ಎನ್ನುತ್ತಾರೆ. ಪಾತ್ರೆಯ ಮೈಗೆ ಹತ್ತಿದ ತೆಳು ಗಾಜಿನ ಪದರ ಅದು. ಗಾಜಾಗಬೇಕಾದ ವಸ್ತು ಸಿಲಿಕಾ, ಅಂದರೆ ಮರಳಿನ ಸಾರ. ಅದೊಂದೇ ಆದರೆ ಕರಗಲು 1,700 ಡಿಗ್ರಿ ಬೇಕು. ಯಾವ ಸೌದೆಯ ಗೂಡಿಗೂ ಅದು ಸಾಧ್ಯವಿಲ್ಲ. ಸುಣ್ಣ, ಪೊಟ್ಯಾಷ್‌ನಂಥ ಕ್ಷಾರಗಳು ಬೆರೆತರೆ ಕರಗುವ ಬಿಸಿ ಬಹಳ ಕೆಳಗಿಳಿಯುತ್ತದೆ. ಈ ಎರಡೂ ಧಾರಾಳವಾಗಿರುವ ವಸ್ತು ಪ್ರತಿ ಒಲೆಯಲ್ಲೂ ಬಿದ್ದಿರುತ್ತದೆ. ಅದು ಬೂದಿ.

ಬೂದಿ ಮೆರುಗಾಗುತ್ತದೆ ಎಂದು ಯಾರೋ ಕೂತು ಯೋಚಿಸಿ ಕಂಡುಹಿಡಿದದ್ದಲ್ಲ, ಗೂಡೇ ಕಲಿಸಿದ್ದು. ಉದ್ದನೆಯ ಗೂಡಿನಲ್ಲಿ ದಿನಗಟ್ಟಲೆ ಸೌದೆ ಉರಿದಾಗ ಹಗುರ ಬೂದಿ ಜ್ವಾಲೆಯ ಜೊತೆ ಹಾರಿ ಪಾತ್ರೆಗಳ ಹೆಗಲ ಮೇಲೆ ಕೂರುತ್ತದೆ. ಬಿಸಿ ಸಾಕಷ್ಟು ಏರಿದಾಗ ಬೂದಿಯ ಕ್ಷಾರ ಮಣ್ಣಿನ ಸಿಲಿಕಾದೊಡನೆ ಕೂಡಿ ಕರಗಿ, ಹಸಿರು ಹನಿಗಳಾಗಿ ಇಳಿಯುತ್ತದೆ. ಚೀನಾದಲ್ಲಿ ಮೂರು ಸಾವಿರ ವರ್ಷಕ್ಕೂ ಹಿಂದೆ, ಶಾಂಗ್ ಅರಸರ ಕಾಲದಲ್ಲೇ, ಇದನ್ನು ಗಮನಿಸಿದವರು ಬೂದಿಯನ್ನು ಬೇಕೆಂದೇ ಪಾತ್ರೆಗೆ ಬಳಿಯತೊಡಗಿದ್ದರು. ಇಂದಿಗೂ ಸೌದೆ ಗೂಡಿನ ಕುಂಬಾರರಲ್ಲಿ ಎರಡು ದಾರಿಗಳಿವೆ. ಒಂದು, ಏನೂ ಬಳಿಯದೆ ಬೆಂಕಿಗೇ ಬಿಡುವುದು. ಇನ್ನೊಂದು, ಬೂದಿಯ ಮೆರುಗು ಕಲಸಿ ಬಳಿದು, ಮೇಲೆ ಹಾರುಬೂದಿ ಏನು ಮಾಡುತ್ತದೋ ಮಾಡಲಿ ಎಂದು ಬಿಡುವುದು.

ಬೂದಿಯನ್ನು ಹಾಗೇ ಬಳಸುವಂತಿಲ್ಲ. ನೀರಿನಲ್ಲಿ ನೆನೆಸಿ, ತೇಲುವ ಇದ್ದಿಲನ್ನು ತೆಗೆದು, ಸಣ್ಣ ಜರಡಿಯಲ್ಲಿ ಸೋಸಿ, ತಿಳಿಯಾಗಲು ಬಿಡುತ್ತಾರೆ. ಮೇಲಿನ ತಿಳಿನೀರು ಕೈ ಸುಡುವಷ್ಟು ಕ್ಷಾರದ್ದು. ಅದನ್ನು ಬಸಿದು, ಹೊಸ ನೀರು ಹಾಕಿ, ಮತ್ತೆ ಬಸಿದು, ಕೊನೆಗೆ ಉಳಿದ ಗಸಿಯನ್ನು ಒಣಗಿಸುತ್ತಾರೆ. ಒಂದು ದೊಡ್ಡ ಚೀಲ ಬೂದಿಯಿಂದ ಸಿಗುವುದು ಬೊಗಸೆಗಳ ಲೆಕ್ಕ. ತೂಕದಲ್ಲಿ ಎರಡು ಪಾಲು ಫೆಲ್ಡ್‌ಸ್ಪಾರ್ ಪುಡಿ, ಎರಡು ಪಾಲು ಬೂದಿ, ಒಂದು ಪಾಲು ಜೇಡಿ ಎಂಬುದು ಕಲಿಯುವವರಿಗೆ ಕೊಡುವ ಹಳೆಯ ಅಳತೆ. ಜೇಡಿ ಹುಟ್ಟಿದ್ದು ಫೆಲ್ಡ್‌ಸ್ಪಾರಿನಿಂದಲೇ ಎಂದು ನೆನೆದರೆ, ಕೊಳೆತ ಬಂಡೆಯ ಬಟ್ಟಲಿಗೆ ಕೊಳೆಯದ ಬಂಡೆಯ ಅಂಗಿ ತೊಡಿಸುವ ಕೆಲಸ ಇದು.

ಯಾವ ಗಿಡದ ಬೂದಿ ಎಂಬುದೂ ಮುಖ್ಯ. ಮರದ ಬೂದಿಯಲ್ಲಿ ಸುಣ್ಣದ ಅಂಶ ಹೆಚ್ಚು. ಅದು ಚೆನ್ನಾಗಿ ಕರಗಿ ಹರಿಯುತ್ತದೆ. ಭತ್ತದ ಹುಲ್ಲು, ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ. ನಮ್ಮ ಹಳ್ಳಿಗಳಲ್ಲಿ ಹೊಟ್ಟಿನ ಕರಿಯಲ್ಲಿ ಹಲ್ಲುಜ್ಜುತ್ತಿದ್ದುದು, ಪಾತ್ರೆ ತಿಕ್ಕುತ್ತಿದ್ದುದು ಆ ಒರಟು ಸಿಲಿಕಾದ ಬಲದಿಂದಲೇ. ಹುಲ್ಲಿನ ಬೂದಿಯನ್ನು ಮೆರುಗಿಗೆ ಬೆರೆಸಿದರೆ ಹಾಲಿನಂಥ ಮಂದ ಬಿಳುಪು ಬರುತ್ತದೆ. ಜಪಾನಿನ ಹಾಗಿ, ಕರಾತ್ಸು ಊರುಗಳ ಬಟ್ಟಲುಗಳಲ್ಲಿ ಕಾಣುವ ಬಿಳುಪಿಗೆ ಭತ್ತದ ಹುಲ್ಲೇ ಮೂಲ.

ಒಣಗಿದ ಬಟ್ಟಲನ್ನು ಮೊದಲು 800 ಡಿಗ್ರಿಯ ಆಸುಪಾಸಿನಲ್ಲಿ ಒಮ್ಮೆ ಸುಡುವುದು ವಾಡಿಕೆ. ಈಗ ಅದು ನಮ್ಮ ಹೂಜಿಯ ಹಾಗೆಯೇ ನೀರು ಹೀರುವ ಸ್ಥಿತಿಯಲ್ಲಿರುತ್ತದೆ. ಕೆನೆಯಷ್ಟು ದಪ್ಪಗೆ ಕಲಸಿದ ಮೆರುಗಿನಲ್ಲಿ ಎರಡು ಮೂರು ಎಣಿಸುವಷ್ಟು ಹೊತ್ತು ಅದ್ದಿ ತೆಗೆದರೆ ಬಟ್ಟಲು ನೀರನ್ನು ಎಳೆದುಕೊಂಡು, ಪುಡಿಯನ್ನು ಮೈಮೇಲೆ ಉಳಿಸಿಕೊಳ್ಳುತ್ತದೆ. ಒಂದು ಎಣಿಕೆ ಹೆಚ್ಚಾದರೆ ಪದರ ದಪ್ಪವಾಗಿ, ಗೂಡಿನಲ್ಲಿ ಹರಿದು ಹಲಗೆಗೆ ಅಂಟುತ್ತದೆ. ಬಟ್ಟಲಿನ ಅಡಿಯಲ್ಲಿ ನಿಲ್ಲಲು ಒಂದು ಬಳೆ ಕೆತ್ತಿರುತ್ತಾರೆ. ಆ ಬಳೆಗೆ ತಾಕಿದ ಮೆರುಗನ್ನು ಒದ್ದೆ ಬಟ್ಟೆಯಿಂದ ಪೂರ್ತಿ ಒರೆಸಬೇಕು.

ಗೂಡು ತುಂಬುವುದೇ ದಿನಗಳ ಕೆಲಸ. ಬೆಂಕಿ ಹೋಗುವ ದಾರಿಯನ್ನು ಇಲ್ಲೇ ತೀರ್ಮಾನಿಸಬೇಕು. ಬಾಯಿಯ ಹತ್ತಿರ ಇಟ್ಟವಕ್ಕೆ ಬೂದಿ, ಕೆಂಡ ಹೆಚ್ಚು, ಹಿಂದಿನವಕ್ಕೆ ಕಡಿಮೆ. ದೊಡ್ಡ ಜಾಡಿಯ ಮರೆಯಲ್ಲಿ ನಿಂತ ಬಟ್ಟಲಿಗೆ ಒಂದೇ ಮಗ್ಗುಲಲ್ಲಿ ಬೂದಿ ಬೀಳುತ್ತದೆ. ಪ್ರತಿಯೊಂದರ ಅಡಿಗೂ ಕರಗದ ಬಿಳಿಮಣ್ಣಿನ ಸಣ್ಣ ಉಂಡೆಗಳನ್ನಿಟ್ಟು ನೆಲದಿಂದ ಎತ್ತಿ ನಿಲ್ಲಿಸುತ್ತಾರೆ. ಕೆಲವರು ಸಮುದ್ರದ ಚಿಪ್ಪಿನೊಳಗೆ ಈ ಮಣ್ಣನ್ನು ತುಂಬಿ ಇಡುತ್ತಾರೆ. ಬೆಂಕಿಯಲ್ಲಿ ಚಿಪ್ಪು ಸುಣ್ಣವಾಗಿ ಉದುರಿದರೂ ಅದರ ಗೆರೆಗಳು ಬಟ್ಟಲಿನ ಮೈಯಲ್ಲಿ ಉಳಿಯುತ್ತವೆ. ಕೊನೆಗೆ ಬಾಗಿಲನ್ನು ಇಟ್ಟಿಗೆಯಿಂದ ಮುಚ್ಚಿ, ಸೌದೆ ಹಾಕಲು, ಒಳಗೆ ಇಣುಕಲು ಕಿಂಡಿಗಳನ್ನು ಬಿಡುತ್ತಾರೆ.

ಬೆಂಕಿ ಹೊತ್ತಿಸುವುದು ಗೂಡಿನ ಬಾಯಿಂದ ತುಸು ಹೊರಗೆ. ಮೊದಲ ದಿನವೆಲ್ಲ ಗೂಡನ್ನೂ ಪಾತ್ರೆಗಳನ್ನೂ ಒಣಗಿಸುವುದೇ ಆಯಿತು. ನಿಧಾನವಾಗಿ ಉರಿಯನ್ನು ಒಳಕ್ಕೆ ಸರಿಸುತ್ತಾರೆ. 573 ಡಿಗ್ರಿಯ ಬಳಿ ಮಣ್ಣಿನಲ್ಲಿರುವ ಬೆಣಚು ಹರಳುಗಳು ಒಮ್ಮೆಗೇ ಹಿಗ್ಗುತ್ತವೆ, ಅಲ್ಲಿ ಧಾವಿಸುವಂತಿಲ್ಲ. ಅಲ್ಲಿಂದಾಚೆಗೆ ಸೌದೆಯ ಲಯ ಶುರುವಾಗುತ್ತದೆ. ಒಂದು ಹೊರೆ ಹಾಕಿದೊಡನೆ ಚಿಮಣಿಯಲ್ಲಿ ಕಪ್ಪು ಹೊಗೆ, ಒಳಗೆ ಬಿಸಿ ತುಸು ಇಳಿಯುತ್ತದೆ. ಸೌದೆ ಹಿಡಿದುಕೊಂಡಂತೆ ಹೊಗೆ ತಿಳಿಯಾಗಿ, ಜ್ವಾಲೆ ಚಿಕ್ಕದಾಗಿ, ಬಿಸಿ ಮೊದಲಿಗಿಂತ ಒಂದು ಕೂದಲಷ್ಟು ಮೇಲೇರುತ್ತದೆ. ಜ್ವಾಲೆ ಪೂರ್ತಿ ಹಿಂದೆ ಸರಿಯುವ ಮುನ್ನ ಮುಂದಿನ ಹೊರೆ. ಬೇಗ ಹಾಕಿದರೆ ಗೂಡು ಉಸಿರುಗಟ್ಟುತ್ತದೆ, ತಡ ಮಾಡಿದರೆ ಏರಿದ್ದು ಇಳಿಯುತ್ತದೆ. ಕೆಲವೇ ನಿಮಿಷಗಳ ಈ ಸುತ್ತು ಹಗಲು ರಾತ್ರಿ ನಡೆಯುತ್ತದೆ. ಅನಗಾಮಕ್ಕೆ ಸಾಮಾನ್ಯವಾಗಿ ನಾಲ್ಕೈದು ದಿನ. ಬಿಜೆನ್‌ನಲ್ಲಿ ಹತ್ತರಿಂದ ಹದಿನಾಲ್ಕು ದಿನ ಒಂದೇ ಸಮನೆ. ಜನ ಪಾಳಿಯ ಮೇಲೆ ಬದಲಾಗುತ್ತಾರೆ, ಬೆಂಕಿಗೆ ಮಾತ್ರ ಪಾಳಿ ಇಲ್ಲ. ಸೌದೆ ಟನ್ನುಗಟ್ಟಲೆ ಬೇಕು. ಜಪಾನಿನವರು ಕೆಂಪು ಪೈನ್ ಮರವನ್ನು ಇಷ್ಟಪಡುತ್ತಾರೆ. ಅದರ ರಾಳ ಉದ್ದನೆಯ ಜ್ವಾಲೆ ಕೊಡುತ್ತದೆ. ಗೂಡಿನ ಹಿಂಬದಿಯವರೆಗೆ ಬೆಂಕಿ ಮುಟ್ಟಬೇಕಾದರೆ ಜ್ವಾಲೆ ಉದ್ದ ಇರಬೇಕು.

ಒಳಗಿನ ಬಿಸಿಯನ್ನು ತಿಳಿಯುವುದು ಮುಖ್ಯವಾಗಿ ಕಣ್ಣಿನಿಂದ. ಮಂದ ಕೆಂಪು ಎಂದರೆ 700ರ ಸುತ್ತಮುತ್ತ; ಕಿತ್ತಳೆ ಎಂದರೆ 1,000; ಹಳದಿಯಾಗಿ, ಬಿಳಿಯತ್ತ ತಿರುಗಿದರೆ 1,200 ದಾಟಿದೆ. ಇದಕ್ಕೆ ಜೊತೆಯಾಗಿ ಶಂಕುಗಳನ್ನೂ ಇಡುತ್ತಾರೆ. ಗೊತ್ತಾದ ಬಿಸಿಗೆ ಬಾಗುವಂತೆ ಮಾಡಿದ ಬೆರಳುದ್ದದ ಮಣ್ಣಿನ ಕಡ್ಡಿಗಳು ಇವು. ಜರ್ಮನಿಯ ಹರ್ಮನ್ ಸೇಗರ್ 1886ರಲ್ಲಿ ರೂಪಿಸಿದ ಉಪಾಯ. ಉಷ್ಣಮಾಪಕ ಬಂದ ಮೇಲೂ ಕುಂಬಾರರು ಇದನ್ನು ಬಿಟ್ಟಿಲ್ಲ. ಮಣ್ಣು ಬೇಯುವುದು ಬರೀ ಬಿಸಿಯಿಂದಲ್ಲ, ಬಿಸಿಯಲ್ಲಿ ಎಷ್ಟು ಹೊತ್ತು ಇತ್ತು ಎಂಬುದರಿಂದಲೂ. ಶಂಕು ಎರಡನ್ನೂ ಒಟ್ಟಿಗೆ ಹೇಳುತ್ತದೆ. ಕೊನೆಯ ಹಂತದಲ್ಲಿ ಕಿಂಡಿಯಿಂದ ಕಬ್ಬಿಣದ ಸರಳು ತೂರಿಸಿ, ಮೊದಲೇ ಇಟ್ಟಿದ್ದ ಮಣ್ಣಿನ ಉಂಗುರವೊಂದನ್ನು ಹೊರಗೆಳೆದು ಮೆರುಗು ಕರಗಿದೆಯೇ ಎಂದು ನೋಡುತ್ತಾರೆ.

ಬಣ್ಣದ ಲೆಕ್ಕ ಇಲ್ಲೂ ಬ್ರಹ್ಮಗಿರಿಯದೇ. ಮೆರುಗಿನಲ್ಲಿ ನೂರಕ್ಕೆ ಒಂದೆರಡು ಪಾಲು ಕಬ್ಬಿಣ ಇದ್ದರೆ, ಗಾಳಿ ಆಡಿದಾಗ ಜೇನಿನ ಹಳದಿ, ಗಾಳಿ ಕಟ್ಟಿದಾಗ ತಿಳಿ ಹಸಿರು. ಕಬ್ಬಿಣ ಎಂಟು ಹತ್ತು ಪಾಲಿಗೇರಿದರೆ ಕಡುಗಪ್ಪು, ಕಂದು. ತಾಮ್ರ ಗಾಳಿಯಲ್ಲಿ ಹಸಿರು, ಗಾಳಿಯಿಲ್ಲದೆ ಕೆಂಪು. ಚಿಮಣಿಯ ಅಡ್ಡಹಲಗೆಯನ್ನು ನಾಲ್ಕು ಬೆರಳು ಸರಿಸುವುದರಲ್ಲಿ ಈ ಎಲ್ಲವೂ ಇದೆ.

ಬೇಕಾದ ಬಿಸಿ ಮುಟ್ಟಿದ ಮೇಲೆ ಎಲ್ಲ ಕಿಂಡಿಗಳನ್ನೂ ಮಣ್ಣಿನಿಂದ ಮೆತ್ತಿ ಮುಚ್ಚುತ್ತಾರೆ. ಸುಟ್ಟಷ್ಟೇ ದಿನ ಆರಲೂ ಬೇಕು. ತಣ್ಣನೆಯ ಗಾಳಿ ನುಗ್ಗಿದರೆ ಪಾತ್ರೆಗಳು ಟಣ್ಣನೆ ಸೀಳುತ್ತವೆ. ತೆರೆದಾಗ ಎಲ್ಲವೂ ಚೆನ್ನಾಗಿರುವುದಿಲ್ಲ. ಕೆಲವು ಒಂದಕ್ಕೊಂದು ಅಂಟಿರುತ್ತವೆ, ಕೆಲವು ಸೊಟ್ಟಗಾಗಿರುತ್ತವೆ, ಕೆಲವಕ್ಕೆ ಬೂದಿ ಬಿದ್ದಿದೆ ಆದರೆ ಕರಗಿಲ್ಲ. ಅಂಥವನ್ನು ಮುಂದಿನ ಬೆಂಕಿಗೆ ಮತ್ತೆ ಇಡುವುದೂ ಉಂಟು.

ಉಳಿದ ಬಟ್ಟಲುಗಳಲ್ಲಿ ಒಂದೊಂದು ಊರಿಗೆ ಒಂದೊಂದು ಮುಖ. ತುಸು ದೊಡ್ಡ ಬಟ್ಟಲಿಗೆ ಗುಯಿನೊಮಿ, ಚಿಕ್ಕದಕ್ಕೆ ಒಚೊಕೊ ಎನ್ನುತ್ತಾರೆ. ಸಾಕೆ ಬಗ್ಗಿಸುವ ಕುತ್ತಿಗೆಯ ಹೂಜಿ ತೊಕ್ಕುರಿ. ಬಿಜೆನ್‌ನ ಬಟ್ಟಲಿಗೆ ಮೆರುಗೇ ಇಲ್ಲ. ಒಂದಕ್ಕೊಂದು ಅಂಟದಿರಲೆಂದು ಸುತ್ತಿದ ಭತ್ತದ ಹುಲ್ಲಿನ ಪೊಟ್ಯಾಷ್ ಮಣ್ಣಿನ ಕಬ್ಬಿಣದೊಡನೆ ಸೇರಿ, ಹುಲ್ಲಿದ್ದ ಕಡೆ ಕೆಂಪು ಎಳೆಗಳನ್ನು ಬಿಡುತ್ತದೆ. ಹಾರುಬೂದಿ ಅರ್ಧ ಕರಗಿ ಎಳ್ಳು ಚೆಲ್ಲಿದಂತೆ ಕೂತರೆ ಅದಕ್ಕೊಂದು ಹೆಸರು, ಕೆಂಡದಲ್ಲಿ ಹೂತು ಬೂದು ನೀಲಿಯಾದರೆ ಇನ್ನೊಂದು. ಶಿಗರಾಕಿಯಲ್ಲಿ ಬೂದಿ ಹಸಿರು ಗಾಜಾಗಿ ಬಟ್ಟಲಿನ ತಳದಲ್ಲಿ ಮಡುಗಟ್ಟುತ್ತದೆ. ಹಾಗಿಯ ಬಟ್ಟಲು ತಗ್ಗು ಬಿಸಿಯಲ್ಲಿ ಬೆಂದದ್ದರಿಂದ ಸ್ವಲ್ಪ ಹೀರುತ್ತದೆ. ಮೆರುಗಿನ ಬಿರುಕುಗಳಲ್ಲಿ ಚಹಾ, ಸಾಕೆ ಇಳಿದು ವರ್ಷಗಳಲ್ಲಿ ಬಣ್ಣ ತಿರುಗುವುದನ್ನು ಅಲ್ಲಿಯವರು ಕಾದು ನೋಡುತ್ತಾರೆ. ಬೆವರುವ ಮಡಕೆಯ ಸುಖ ಅವರಿಗೂ ಪೂರ್ತಿ ಬಿಡಲಾಗಲಿಲ್ಲ ಎನ್ನಬಹುದು.

ಈ ವಿದ್ಯೆ ನಮ್ಮ ಹತ್ತಿರಕ್ಕೆ ಬಂದದ್ದು ಪುದುಚೇರಿಯ ದಾರಿಯಲ್ಲಿ. ಜಪಾನಿನ ಬಿಜೆನ್‌ನಲ್ಲಿ ಕೆಲಸ ಕಲಿತ ಡೆಬೊರಾ ಸ್ಮಿತ್, ರೇ ಮೀಕರ್ ಅವರೊಡನೆ 1971ರಲ್ಲಿ ಪುದುಚೇರಿಯಲ್ಲಿ ಗೋಲ್ಡನ್ ಬ್ರಿಡ್ಜ್ ಪಾಟರಿ ಆರಂಭಿಸಿದರು. ಇಬ್ಬರೂ ಅಮೆರಿಕದವರು. ಪೈನ್ ಮರದ ಜಾಗಕ್ಕೆ ಕರಾವಳಿಯ ಗಾಳಿಮರ ಬಂತು. ಅಲ್ಲಿ ಕಲಿತವರು ದೇಶದ ಹಲವೆಡೆ ತಮ್ಮದೇ ಗೂಡು ಕಟ್ಟಿಕೊಂಡಿದ್ದಾರೆ. ಬೆಂಗಳೂರಿಗೂ ಹೆಚ್ಚಿನ ಬಿಸಿಯ ಮಣ್ಣಿನ ಕೆಲಸ ಅಪರಿಚಿತವಲ್ಲ. ಯಶವಂತಪುರದತ್ತ ಹೋಗುವ ದಾರಿಯಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ನೆರೆಯಲ್ಲಿ, ಮೈಸೂರು ಸಂಸ್ಥಾನ 1930ರ ದಶಕದಲ್ಲೇ ಸರ್ಕಾರಿ ಪಿಂಗಾಣಿ ಕಾರ್ಖಾನೆ ತೆರೆದಿತ್ತು. ಮುಂದೆ ಅದು ಬಿ.ಎಚ್.ಇ.ಎಲ್. ಸೇರಿತು. ವಿದ್ಯುತ್ ಕಂಬಗಳ ಮೇಲಿನ ಪಿಂಗಾಣಿ ಬಿಲ್ಲೆಗಳೂ ನೀರು ಹೀರದ, ಮೆರುಗಿನ ಮಣ್ಣೇ. ಇಂದು ಊರಿನ ಸಣ್ಣ ಕಾರ್ಯಾಗಾರಗಳಲ್ಲಿ ಬಟ್ಟಲು ಮಾಡುವವರು ಹೆಚ್ಚಾಗಿ ವಿದ್ಯುತ್ ಇಲ್ಲವೆ ಗ್ಯಾಸ್ ಗೂಡು ಬಳಸುತ್ತಾರೆ. ದಿನಗಟ್ಟಲೆ ಹೊಗೆಯಾಡಲು ನಗರದಲ್ಲಿ ಜಾಗವಿಲ್ಲ. ವಿದ್ಯುತ್ ಗೂಡಿನ ಬಟ್ಟಲು ಅಚ್ಚುಕಟ್ಟಾಗಿರುತ್ತದೆ, ಬಳಸಲೂ ಒಳ್ಳೆಯದು. ಬೂದಿ ಹಾರುವ ಗೂಡಿನ ಮೈ ಮಾತ್ರ ಅದಕ್ಕೆ ಬರುವುದಿಲ್ಲ.

ಮೆರುಗಿನ ಬಟ್ಟಲು ಕೊಳ್ಳುವವರು ಅದನ್ನು ತಿರುಗಿಸಿ ಅಡಿಯ ಬಳೆಯನ್ನು ನೋಡಬೇಕು. ಮೆರುಗಿಲ್ಲದ ಆ ಭಾಗದಲ್ಲಿ ಒಂದು ಹನಿ ನೀರಿಡಿ. ಹಾಗೇ ನಿಂತರೆ ಹೆಚ್ಚಿನ ಬಿಸಿ ಕಂಡ ಗಟ್ಟಿ ಬಟ್ಟಲು. ಕೂಡಲೇ ಇಂಗಿದರೆ ತಗ್ಗು ಬಿಸಿಯದು. ತಗ್ಗು ಬಿಸಿಯಲ್ಲಿ ಮೆರುಗು ಕರಗಿಸಲು ಬೂದಿ ಸಾಲದು. ಕೆಲವು ಕಡೆ ಅದಕ್ಕೆ ಸೀಸವನ್ನು ಬಳಸುತ್ತಿದ್ದರು. ಹಾಗಾಗಿ ಅಂಥ ಹೊಳಪಿನ ಪಾತ್ರೆಯಲ್ಲಿ ಹುಣಸೆ, ಉಪ್ಪಿನಕಾಯಿ, ಮೊಸರು ಇಡುವ ಮುನ್ನ ಸೀಸವಿಲ್ಲ ಎಂದು ಮಾರುವವರಿಂದ ಖಚಿತಪಡಿಸಿಕೊಳ್ಳಿ. ಮೆರುಗೇ ಇಲ್ಲದ ಪಾಟರಿ ಟೌನಿನ ಮಡಕೆಗೆ ಈ ಚಿಂತೆ ಇಲ್ಲ. ಅದನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿದರೆ ಸಾಕು. ಖಣಿಲೆಂದರೆ, ಚೌಕಾಸಿ ಮಾಡದೆ ಕೊಳ್ಳಿ.